ಪ್ರಶ್ನೆಗಳಿಗಾಗಿ ಹೊಲಿದ ಪುಸ್ತಕ

ಈ ಪುಸ್ತಕದಲ್ಲಿ ಇಪ್ಪತ್ತಾರು ಪ್ರಶ್ನೆಗಳಿವೆ. ಎಲ್ಲವೂ ನನ್ನ ಅಕ್ಷರ. ಪಿಎಚ್‌ಡಿಗೆ ಎಲ್ಲಿ ಸೇರಬೇಕು ಎಂದು ತೀರ್ಮಾನಿಸುವ ಮೊದಲು ಮೂರು ಊರುಗಳ ಮೂರು ಸಂಸ್ಥೆಗಳನ್ನು ನೋಡಿ ಬರುವುದಿತ್ತು. ಅದಕ್ಕೆ ತಯಾರಿ ಎಂದು ಎರಡು ತಿಂಗಳು ಕೂತು ಇವನ್ನು ಬರೆದೆ. ಪ್ರೊಫೆಸರುಗಳನ್ನು ಏನು ಕೇಳಬೇಕು, ಹಾಸ್ಟೆಲಿನ ಹುಡುಗಿಯರನ್ನು ಏನು ಕೇಳಬೇಕು, ಹತ್ತಿರ ಯಾರೂ ಇಲ್ಲದಾಗ ಲ್ಯಾಬಿನ ಸಹಾಯಕರನ್ನು ಏನು ಕೇಳಬೇಕು ಎಂದು ಬೇರೆ ಬೇರೆ ಮಾಡಿ ಬರೆದಿದ್ದೇನೆ.

ಅದೇ ಎರಡು ತಿಂಗಳಲ್ಲಿ ಮೂರು ಗುರುವಾರ ಅಪ್ಪ ಬೆಳಿಗ್ಗೆ ಮನೆಯಿಂದ ಹೊರಟು ಅಂಗಡಿಗೆ ಹೋಗದೆ ಹುಬ್ಬಳ್ಳಿಯ ದವಾಖಾನೆಗೆ ಹೋದರು. ನನಗೆ ಅದು ಗೊತ್ತಾದದ್ದು ಮೂರೂ ಊರು ನೋಡಿಕೊಂಡು ಬಂದ ಮೇಲೆ. ಅಲ್ಲಿಂದ ಎಂಟು ತಿಂಗಳಿಗೆ ಅಪ್ಪ ತೀರಿಕೊಂಡರು.

‘ಗೊತ್ತಾದದ್ದು ಬಂದ ಮೇಲೆ’ ಎಂದು ಈಗ ಬರೆದೆನಲ್ಲ, ಮೂರು ವರ್ಷದಿಂದ ಎಲ್ಲರಿಗೂ ಹಾಗೆಯೇ ಹೇಳುತ್ತ ಬಂದಿದ್ದೇನೆ. ಮಾತಾಡಿಸಲು ಬಂದ ನೆಂಟರಿಗೆ, ಹಾಸ್ಟೆಲಿನ ಗೆಳತಿಯರಿಗೆ, ಒಮ್ಮೆ ರೈಲಿನಲ್ಲಿ ಎದುರಿಗೆ ಕೂತಿದ್ದ ಅಪರಿಚಿತ ಹೆಂಗಸಿಗೂ ಹೇಳಿದ್ದೇನೆ. ಹೇಳಿ ಹೇಳಿ ಆ ಮಾತು ಎಷ್ಟು ನುಣುಪಾಗಿದೆಯೆಂದರೆ ನನಗೇ ಅದರ ಮೇಲೆ ಅನುಮಾನ. ನಿಜವಾಗಿ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೇಳಲಿಲ್ಲವೋ, ಅಷ್ಟನ್ನು ನೋಡೋಣ ಎಂದು ಕೂತಿದ್ದೇನೆ. ನನ್ನ ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ. ಆದ್ದರಿಂದ ಈ ಪುಸ್ತಕದ ಪ್ರಶ್ನೆಗಳನ್ನೂ ಅವ್ವನ ಮಾತನ್ನೂ ಎದುರಿಗೆ ಇಟ್ಟುಕೊಂಡು ಬರೆಯುತ್ತೇನೆ.

ಅಪ್ಪನದು ಬೈಂಡಿಂಗ್ ಅಂಗಡಿ. ಮನೆ ಬೈರಿದೇವರಕೊಪ್ಪದಲ್ಲಿ, ಅಂಗಡಿ ಧಾರವಾಡದಲ್ಲಿ, ವಿಶ್ವವಿದ್ಯಾಲಯದ ಕಡೆಗೆ ಹೋಗುವ ರಸ್ತೆಯ ಮೇಲೆ. ಸಾಲಿಯ ಹಾಜರಿ ಪುಸ್ತಕ, ಸೊಸೈಟಿಯ ಲೆಡ್ಜರು ಎಲ್ಲವನ್ನೂ ಕಟ್ಟುತ್ತಿದ್ದರು. ಆದರೆ ಅವರ ಮನಸ್ಸು ಇದ್ದದ್ದು ಥೀಸಿಸ್‌ಗಳ ಮೇಲೆ. ಕಡುಗೆಂಪು ರೆಕ್ಸಿನ್, ಬೆನ್ನಿನ ಮೇಲೆ ಬಂಗಾರದ ಅಕ್ಷರ. ಹತ್ತನೇ ಇಯತ್ತೆ ಓದಿದ್ದ ಅಪ್ಪನಿಗೆ ಒಳಗಿನ ವಿಷಯ ತಿಳಿಯುತ್ತಿರಲಿಲ್ಲ. ಆದರೆ ಯಾವ ವಿಭಾಗದವರು ಎಷ್ಟು ದಪ್ಪ ಬರೆಯುತ್ತಾರೆ, ಯಾವ ಗೈಡಿನ ವಿದ್ಯಾರ್ಥಿಗಳು ಕೊನೆಯ ದಿನ ಓಡಿ ಬರುತ್ತಾರೆ, ಯಾರು ಬೈಂಡಿಂಗ್ ಆದ ಪ್ರತಿಯನ್ನು ಕೈಗೆ ತೆಗೆದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತರು ಎಂಬುದೆಲ್ಲ ಗೊತ್ತಿತ್ತು. ಎಲ್ಲಕ್ಕಿಂತ ಮೊದಲು ಅರ್ಪಣೆಯ ಹಾಳೆಯನ್ನು ಓದುತ್ತಿದ್ದರು. ಅದು ತಿರುವುಮುರುವಾಗಿ ಸೇರಿ ಹೋದರೆ ಜನ ಜಗಳಕ್ಕೆ ಬರುತ್ತಾರೆ ಎಂದು ಅದಕ್ಕೆ ಕಾರಣ ಹೇಳುತ್ತಿದ್ದರು.

ನಾನು ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದೆ. ಉಪ್ಪಿನಬೆಟಗೇರಿ ಕಡೆಯ ಹೊಲದ ಬದುಗಳಲ್ಲಿ ಬೆಳೆಯುವ ಹುಲ್ಲುಗಳ ಮೇಲೆ ಒಂದು ಸಣ್ಣ ಪ್ರಾಜೆಕ್ಟ್ ಮಾಡಿದ್ದೆ. ಪರೀಕ್ಷೆ ಪಾಸಾಗಿ ಫೆಲೋಶಿಪ್ ಬಂದಿತ್ತು. ಮೂರು ಸಂಸ್ಥೆಗಳು ಸಂದರ್ಶನಕ್ಕೆ ಕರೆದಿದ್ದವು. ಸಂದರ್ಶನದ ಜೊತೆಗೆ ಒಂದು ದಿನ ಲ್ಯಾಬುಗಳನ್ನು ನೋಡಲು, ಅಲ್ಲಿನವರ ಜೊತೆ ಮಾತಾಡಲು ಅವಕಾಶ ಕೊಡುತ್ತೇವೆ ಎಂದು ಮೂರೂ ಕಡೆಯವರು ಬರೆದಿದ್ದರು.

ನನ್ನ ಪ್ರಾಜೆಕ್ಟಿನ ಮೇಡಂ ನನ್ನನ್ನು ಮನೆಗೆ ಕರೆಸಿ ಚಹಾ ಕೊಟ್ಟು ಹೇಳಿದರು: “ಅವರು ನಿನ್ನ ನೋಡೂದು ಇದ್ದೇ ಐತಿ. ನೀನೂ ಅವರನ್ನ ನೋಡಿ ಬಾ. ಐದು ವರ್ಷ ಅಂದ್ರ ಸಣ್ಣ ಮಾತಲ್ಲ. ಬಾಯಿ ಬಿಟ್ಟು ಕೇಳು.”

ನನಗೆ ಅದು ಹೊಸ ಮಾತು. ನಮ್ಮಲ್ಲಿ ಪ್ರಶ್ನೆ ಕೇಳುವವರು ಗುರುಗಳು, ಉತ್ತರ ಹೇಳುವವರು ನಾವು. ಮನೆಗೆ ಬಂದು ಹೇಳಿದರೆ ಅಪ್ಪನಿಗೂ ಗಾಬರಿ. ಪ್ರೊಫೆಸರರನ್ನು ಕೂಡಿಸಿಕೊಂಡು, ನಿಮ್ಮ ಹತ್ತಿರ ಸೇರಿದರೆ ನನಗೇನು ಸಿಗುತ್ತದೆ ಎಂದು ಕೇಳುವುದು ಹೆಣ್ಣು ನೋಡಲು ಹೋದವರ ಮಾತಿನ ಹಾಗೆ ಆಗುವುದಿಲ್ಲವೇ ಎಂದರು. ಆದರೆ ಮೇಡಂ ಹೇಳಿದ್ದು ಎಂದ ಮೇಲೆ ಅವರಿಗೆ ಅದು ಕಾಯಿದೆ. ನಾಲ್ಕು ದಿನಕ್ಕೆ ಈ ಪುಸ್ತಕ ತಂದು ಕೊಟ್ಟರು.

ಥೀಸಿಸ್‌ಗಳ ಅಂಚು ಕತ್ತರಿಸಿ ಉಳಿದ ಹಾಳೆಯಲ್ಲ, ಹೊಸ ಹಾಳೆ. ಕಡುಗೆಂಪು ರೆಕ್ಸಿನ್, ಬಿಳಿ ದಾರದ ಹೊಲಿಗೆ. ಬಿಡಿಸಿ ಇಟ್ಟರೆ ಮಡಚಿಕೊಳ್ಳದೆ ಚಪ್ಪಟೆಯಾಗಿ ನಿಲ್ಲುತ್ತದೆ. ಅಂಟಿಸಿದ ಪುಸ್ತಕ ಹಾಗೆ ನಿಲ್ಲುವುದಿಲ್ಲ. ಒಂದೊಂದು ಊರಿಗೆ ಒಂದೊಂದು ಕಟ್ಟು ಹಾಳೆ, ನಡುವೆ ಗುರುತಿಗೆ ನೀಲಿ ಕಾಗದ. ಮೂರು ಊರಿಗೆ ನಾಲ್ಕು ಕಟ್ಟು ಯಾಕೆ ಎಂದು ಕೇಳಿದಾಗ, ಇರಲಿ, ಹೆಚ್ಚಿಗೆ ಇದ್ದರೆ ನಿನಗೇನು ಭಾರವೇ ಎಂದರು. ಮೇಲೆ ನನ್ನ ಹೆಸರು ಬಂಗಾರದ ಅಕ್ಷರದಲ್ಲಿ ಹಾಕಬಹುದಿತ್ತಲ್ಲ ಎಂದು ನಾನು ತಮಾಷೆ ಮಾಡಿದೆ. “ಅವು ಮುಗದ ಪುಸ್ತಕಕ್ಕ ಹಾಕೂವು” ಎಂದರು ಅಪ್ಪ.

ಅದರ ಜೊತೆಗೆ ರೆಕ್ಸಿನ್ನಿನ ಎರಡು ಫೈಲುಗಳನ್ನೂ ಮಾಡಿದ್ದರು. ದಾರ ಕಟ್ಟುವಂಥವು. ಒಂದು ನನ್ನ ಸರ್ಟಿಫಿಕೇಟುಗಳಿಗೆ. ಇನ್ನೊಂದು ಯಾರಿಗೆ ಎಂದು ನಾನು ಕೇಳಿದೆನೋ ಇಲ್ಲವೋ ನೆನಪಿಲ್ಲ.

ಹೀಗೆ ತಯಾರಿ ನಡೆಯಿತು. ಸರ್ಟಿಫಿಕೇಟುಗಳ ನಾಲ್ಕು ನಾಲ್ಕು ಝೆರಾಕ್ಸ್. ಟಕಟಕ ಎನ್ನುವ ಬೂಟು ಬೇಡ, ಶಬ್ದ ಮಾಡದ ಚಪ್ಪಲಿ. ಇಸ್ತ್ರಿ ಮಾಡಿದ ಮೂರು ಚೂಡಿದಾರ, ಊರಿಗೊಂದರಂತೆ. ನಡುವೆ ಎಲ್ಲಿ ಊಟ ಸಿಗುತ್ತದೋ ಇಲ್ಲವೋ ಎಂದು ಅವ್ವ ಬುತ್ತಿಯ ಲೆಕ್ಕ ಹಾಕುತ್ತಿದ್ದಳು. ಶೇಂಗಾ ಚಟ್ನಿ ಹತ್ತು ದಿನ ತಡೆಯುತ್ತದೆ, ಕಡಕ್ ರೊಟ್ಟಿ ತಿಂಗಳು ತಡೆಯುತ್ತದೆ, ಅದನ್ನು ತಿನ್ನುವಾಗ ಪ್ರೊಫೆಸರುಗಳ ಮುಂದೆ ಸಪ್ಪಳ ಮಾಡಬೇಡ ಎಂದು ತಾನೇ ಹೇಳಿ ತಾನೇ ನಗುತ್ತಿದ್ದಳು. ನಾನು ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಪ್ರಶ್ನೆ ಬರೆಯುತ್ತಿದ್ದೆ. ಲ್ಯಾಬಿನ ವಹಿ ಬರೆದ ರೂಢಿಯಿಂದ ಪ್ರತಿ ಸಲವೂ ಮೇಲೆ ವಾರ, ಹೊತ್ತು, ಕೂತ ಜಾಗ ಹಾಕುತ್ತಿದ್ದೆ. ಈಗ ಅದೇ ಸಾಕ್ಷಿಯಾಗಿದೆ.

ಇಲ್ಲಿ ನಮ್ಮ ಮನೆಯ ಒಂದು ರಿವಾಜು ಹೇಳಬೇಕು. ಬಹಳ ಮನೆಗಳಲ್ಲಿ ಇದೆ, ನಮ್ಮಲ್ಲಿ ಸ್ವಲ್ಪ ಗಟ್ಟಿಯಾಗಿತ್ತು. ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕೇಳಲೇಬೇಕೆಂದರೆ ‘ದೂರ ಏನು?’ ಎನ್ನಬೇಕು. ಹೊರಟವರು ದಿಲ್ಲಿಗೆ ಹೊರಟಿದ್ದರೂ ‘ಇಲ್ಲೇ, ಸಮೀಪ’ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅಪ್ಪ ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಎಲ್ಲಿಗೆ ಎಂದು ಕೇಳಿದ್ದೆನಂತೆ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಗೋಡೆಗೆ ಒರಗಿ ಐದು ನಿಮಿಷ ಕೂತು, ನೀರು ಕುಡಿದು ಮತ್ತೆ ಹೊಸದಾಗಿ ಹೊರಟರಂತೆ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಅಂಗಡಿಯ ಮುಂದೆ ಕಾದು ಬೇಸತ್ತ ಗಿರಾಕಿಯೊಬ್ಬ ತನ್ನ ಥೀಸಿಸ್ ಎತ್ತಿಕೊಂಡು ಬೇರೆ ಅಂಗಡಿಗೆ ಹೋಗಿದ್ದ. “ಒಂದ ಪ್ರಶ್ನಾ ಕೇಳಿ ಒಬ್ಬ ಡಾಕ್ಟರನ್ನ ಕಳದ್ಲು ನನ್ನ ಮಗಳು” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆಮೇಲೆ ನಾನು ಹಾಗೆ ಕೇಳಲಿಲ್ಲ. ಇಪ್ಪತ್ತಮೂರನೇ ವಯಸ್ಸಿನಲ್ಲಿ, ವಿಜ್ಞಾನ ಓದಿಕೊಂಡು, ಆ ರಿವಾಜನ್ನು ನಂಬದೆ, ಆದರೂ ಕೇಳಲಿಲ್ಲ.

ಮೊದಲನೆಯ ಗುರುವಾರ ಅಪ್ಪ ಹತ್ತು ಗಂಟೆಗೆ ಹೊರಟರು. ಅಂಗಡಿಗೆ ಹೋಗುವುದಾದರೆ ಎಂಟೂವರೆಗೆ ಹೋಗುತ್ತಿದ್ದರು. ನಮ್ಮ ಮಾಳಿಗೆಯಿಂದ ದೊಡ್ಡ ರಸ್ತೆ ಕಾಣುತ್ತದೆ. ರಸ್ತೆಯ ನಟ್ಟನಡುವೆ ಗಾಜಿನ ಬಸ್ ನಿಲ್ದಾಣ. ಒಂದು ಬದಿಯ ಬಾಗಿಲಿಗೆ ಧಾರವಾಡದ ಬಸ್ಸು ನಿಲ್ಲುತ್ತದೆ, ಇನ್ನೊಂದು ಬದಿಯ ಬಾಗಿಲಿಗೆ ಹುಬ್ಬಳ್ಳಿಯದು. ಅಪ್ಪ ಹುಬ್ಬಳ್ಳಿಯ ಬಾಗಿಲಲ್ಲಿ ನಿಂತದ್ದನ್ನು ಕಂಡೆ. ರಟ್ಟು, ರೆಕ್ಸಿನ್ ತರಲು ಹಳೇ ಹುಬ್ಬಳ್ಳಿಗೆ ಹೊರಟಿದ್ದಾರೆ ಎಂದುಕೊಂಡೆ. ಇದು ನನಗೆ ಚೆನ್ನಾಗಿ ನೆನಪಿದೆ. ಆದರೆ ಸಾಮಾನು ತರುವುದು ಯಾವಾಗಲೂ ತಿಂಗಳ ಮೊದಲ ಸೋಮವಾರ. ಆಗ ಕಂಕುಳಲ್ಲಿ ಮಡಚಿದ ದೊಡ್ಡ ಖಾಲಿ ಚೀಲ ಇರುತ್ತಿತ್ತು. ಆ ದಿನ ಕಂಕುಳಲ್ಲಿ ಇದ್ದದ್ದು ರೆಕ್ಸಿನ್ನಿನ ಫೈಲು. ನನ್ನ ಫೈಲಿನ ಜೋಡಿ.

ಅದನ್ನು ಆ ದಿನವೇ ಕಂಡೆನೋ, ಆಮೇಲೆ ದವಾಖಾನೆಯ ಕಾಗದಗಳನ್ನು ಆ ಫೈಲಿನಿಂದ ಎಷ್ಟೋ ಸಲ ತೆಗೆದು ಇಟ್ಟ ಮೇಲೆ ಹಿಂದಕ್ಕೆ ಹೋಗಿ ಅದನ್ನು ಅಪ್ಪನ ಕಂಕುಳಲ್ಲಿ ಇಟ್ಟೆನೋ, ಹೇಳಲಾರೆ.

ಎರಡನೆಯ ಗುರುವಾರವೂ ಹಾಗೆಯೇ. ನಾನು ಕೆಳಗೆ ನೀರು ಕುಡಿಯಲು ಬಂದಿದ್ದೆ. ಅಪ್ಪ ಹೊಸ್ತಿಲ ಹತ್ತಿರ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದರು. ಬಗ್ಗಿದವರು ಏಳಲು ತಡ ಮಾಡಿದರು.

“ದೂರ ಏನ್ರಿ ಅಪ್ಪಾ?”

“ಇಲ್ಲೇ, ಸಮೀಪ. ಲಗೂನ ಬರ್ತೇನಿ” ಎಂದರು. ನಾನು ಮಾಳಿಗೆಗೆ ಹೋದೆ.

ಅದಾದ ಒಂದೆರಡು ದಿನಕ್ಕೆ, ಸಂಜೆ, ನಾವು ಪ್ರಾಕ್ಟೀಸಿಗೆ ಕೂತೆವು. ಅಪ್ಪ ಪ್ರೊಫೆಸರು. ಅದಕ್ಕಾಗಿ ಓದುವ ಕನ್ನಡಕ ಹಾಕಿಕೊಂಡು, ನಮ್ಮ ಮನೆಯಲ್ಲಿದ್ದ ಒಂದೇ ಒಂದು ಕೈಹಿಡಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಎದುರಿಗೆ ಸ್ಟೂಲಿನ ಮೇಲೆ. ನಾನು ಇಂಗ್ಲಿಷಿನಲ್ಲಿ ಕೇಳಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಬೇಕು. ಅವರು ಪ್ರೊಫೆಸರರ ಗತ್ತಿನಲ್ಲಿ ಉತ್ತರ ಕೊಡಬೇಕು.

“ಸರ್, ನಿಮ್ಮ ಹತ್ತಿರ ಸೇರಿದವರು ಎಷ್ಟು ವರ್ಷಕ್ಕೆ ಮುಗಿಸುತ್ತಾರೆ?”

“ನಿನ್ನಂಥಾಕಿ ಆದ್ರ ನಾಕು. ನಿಮ್ಮಪ್ಪನಂಥಾಂವ ಆದ್ರ ಮುಗಸೂದ ಇಲ್ಲ.”

“ಪ್ರೊಫೆಸರ್ ಸಾಹೇಬ್ರ, ಮೊದಲ ಅಂಗಿ ಗುಂಡಿ ಹಾಕ್ಕೋರಿ” ಎಂದು ಅವ್ವ ಅಡಿಗೆಮನೆಯಿಂದ ಕೂಗಿದಳು. ಅಪ್ಪ ಗುಂಡಿ ಹಾಕಿಕೊಂಡು ಕೆಮ್ಮಿ, ಮುಂದಿನ ಪ್ರಶ್ನೆ ಎಂದರು. ಒಬ್ಬಾತ ಹದಿನಾಲ್ಕು ವರ್ಷದ ಮೇಲೆ ಬೈಂಡಿಂಗಿಗೆ ಬಂದಿದ್ದ ಕಥೆ ಹೇಳಿದರು. ಸೇರುವಾಗ ಮದುವೆಯಾಗದವನು, ಪುಸ್ತಕ ಒಯ್ಯಲು ಬಂದಾಗ ಮಗನ ಸೈಕಲ್ ಮೇಲೆ ಬಂದಿದ್ದನಂತೆ. ನಗುತ್ತ ನಗುತ್ತ ಹದಿನಾರು ಪ್ರಶ್ನೆ ಮುಗಿಸಿದೆವು.

ಹದಿನೇಳನೆಯದನ್ನು ನಾನು ಓದಿದೆ: ನಡುವೆ ಮನೆಯಲ್ಲಿ ಯಾರಿಗಾದರೂ ಆರಾಮ ತಪ್ಪಿದರೆ ಎಷ್ಟು ದಿನ ರಜೆ ಸಿಗುತ್ತದೆ?

ಅಪ್ಪ ಕನ್ನಡಕ ತೆಗೆದರು.

“ಇದನ್ನ ಯಾರ ಹೇಳಿಕೊಟ್ರು? ಮೇಡಮ್ಮಾರೇನು?”

“ಇಲ್ರಿ. ನಾನ ಬರದೇನಿ.”

“ತಗದು ಹಾಕು. ಇನ್ನೂ ಸೇರೂಕಿಂತ ಮೊದಲ ರಜಾ ಕೇಳಿದ್ರ, ಇಕಿ ಮನಸ್ಸೆಲ್ಲಾ ಮನ್ಯಾಗ ಐತಿ ಅಂತಾರ.”

ನಾನು ಪೆನ್ನು ತೆಗೆದೆ. ಅಪ್ಪ ತಮ್ಮ ಉಕ್ಕಿನ ಅಡಿಪಟ್ಟಿ ಕೊಟ್ಟರು. ಪುಸ್ತಕದಲ್ಲಿ ಯಾವ ಗೆರೆಯೂ ಸೊಟ್ಟ ಇರುವುದು ಅವರಿಗೆ ಸೇರುತ್ತಿರಲಿಲ್ಲ. ಆ ಪ್ರಶ್ನೆಯ ಮೇಲೆ ನಾನು ಎಳೆದ ಗೆರೆ ಈಗಲೂ ನೆಟ್ಟಗಿದೆ, ಕೆಳಗಿನ ಅಕ್ಷರಗಳು ಪೂರಾ ಓದಲು ಬರುತ್ತವೆ.

ಆ ಹೊತ್ತಿಗೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು ಎಂದು ನನ್ನ ನೆನಪು. ಬಹಳ ಸಲ ಹಾಗೆಯೇ ಹೇಳಿದ್ದೇನೆ. ಆದರೆ ನಮ್ಮಲ್ಲಿ ಸಂಜೆ ರೊಟ್ಟಿ ಬಡಿಯುವುದಿಲ್ಲ. ಬುತ್ತಿಯ ರೊಟ್ಟಿ ಬಡಿದದ್ದು ನಾನು ಹೊರಡುವ ಹಿಂದಿನ ದಿನ, ಅದೂ ಮುಂಜಾನೆ. ಎರಡು ಬೇರೆ ಬೇರೆ ಹೊತ್ತುಗಳನ್ನು ನಾನೇ ಒಂದರ ಮೇಲೊಂದು ಇಟ್ಟು ಹೊಲಿದಿರಬೇಕು. ಆ ಸದ್ದು ನಿಂತರೆ ಕಥೆ ಚೆನ್ನಾಗಿರುತ್ತದೆ ಎಂದು ಮನಸ್ಸಿಗೆ ಅನಿಸಿರಬೇಕು.

ಮೂರನೆಯ ಗುರುವಾರ ನಾನು ಹೊರಡುವ ದಿನ. ರೈಲು ಮಧ್ಯಾಹ್ನಕ್ಕಿತ್ತು. ಅಪ್ಪ ಅದೇ ಹತ್ತು ಗಂಟೆಗೆ ಹೋದರು, ನೇರವಾಗಿ ಸ್ಟೇಶನ್ನಿಗೆ ಬರುತ್ತೇನೆ ಎಂದರು. ಮಗಳು ಮೊದಲ ಸಲ ಒಬ್ಬಳೇ ಹತ್ತು ದಿನ ಹೊರಟಿರುವಾಗ ಅಪ್ಪ ಮನೆಯಲ್ಲಿ ಇರದೆ ಹೋದರಲ್ಲ, ಆಗಲೂ ಕೇಳಲಿಲ್ಲ. ಅವ್ವ, ನಾನು ಆಟೋದಲ್ಲಿ ಸ್ಟೇಶನ್ನಿಗೆ ಹೋದೆವು. ದಾರಿಯುದ್ದಕ್ಕೂ ಅವ್ವ ಬುತ್ತಿಯ ಗಂಟನ್ನು ತೊಡೆಯ ಮೇಲೆ ಹಿಡಿದುಕೊಂಡು ಹೊರಗೆ ನೋಡುತ್ತಿದ್ದಳು.

ರೈಲು ಬಿಡಲು ಹತ್ತು ನಿಮಿಷವಿದ್ದಾಗ ಅಪ್ಪ ಪ್ಲಾಟ್‌ಫಾರ್ಮಿನ ಮೇಲೆ ಬಂದರು. ಕಿಟಕಿಯ ಸರಳಿನ ಹತ್ತಿರ ನಿಂತು, ಎರಡನೆಯ ಊರಿನಲ್ಲಿ ಥಂಡಿ ಇರುತ್ತದೆ, ಸ್ವೆಟರು ಮೇಲೆಯೇ ಇಟ್ಟುಕೋ ಎಂದರು. ನೀರಿನ ಬಾಟಲಿ ಕೊಡಲು ಕೈ ಚಾಚಿದಾಗ ಅಂಗಿಯ ತೋಳು ಹಿಂದಕ್ಕೆ ಸರಿಯಿತು. ಮೊಣಕೈಯ ಒಳಬದಿ, ಸೂಜಿ ಚುಚ್ಚುವ ಜಾಗದಲ್ಲಿ, ಪಟ್ಟಿ ಹಚ್ಚಿದ ಹತ್ತಿಯ ಉಂಡೆ ಇತ್ತು. ಅಪ್ಪ ತೋಳನ್ನು ಕೆಳಗೆ ಎಳೆದುಕೊಂಡರು. ನಾನು ಬಾಟಲಿ ತೆಗೆದುಕೊಂಡು, ಟಿಕೇಟು ಯಾವ ಜೇಬಿನಲ್ಲಿದೆ ಎಂದು ಹುಡುಕತೊಡಗಿದೆ.

ಇದೇ ನನ್ನನ್ನು ಹೆಚ್ಚು ಕಾಡಿದ್ದು. ಕೆಲವು ತಿಂಗಳ ಹಿಂದೆ ಅವ್ವನಿಗೆ ಹೇಳಿದೆ. ಅವ್ವ ಒಪ್ಪಲಿಲ್ಲ. ಆ ದಿನ ರಕ್ತ ತೆಗೆದೇ ಇಲ್ಲ, ಬರೀ ರಿಪೋರ್ಟು ತೋರಿಸಿ ಬಂದದ್ದು ಎಂದಳು. ಆಮೇಲಿನ ತಿಂಗಳುಗಳಲ್ಲಿ ಅಪ್ಪನ ಕೈಯಲ್ಲಿ ಆ ಹತ್ತಿಯನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಅದು ತಾನಾಗಿಯೇ ಪ್ಲಾಟ್‌ಫಾರ್ಮಿಗೆ ನಡೆದು ಬಂದಿರಬಹುದು. ಅವ್ವನ ನೆನಪು ಸರಿಯೋ ನನ್ನದು ಸರಿಯೋ ಕೇಳಲು ಮೂರನೆಯವರಿಲ್ಲ.

ಹತ್ತಿಯ ಉಂಡೆ ಸುಳ್ಳಾದರೆ ನನಗೆ ನೆಮ್ಮದಿಯಾಗಬೇಕಿತ್ತು. ಒಂದು ದಿನದ ಮಟ್ಟಿಗೆ ಆಯಿತು ಕೂಡ.

ಮೂರು ಊರುಗಳನ್ನೂ ನೋಡಿದೆ. ಒಂದು ಕಡೆ ಹಾಸ್ಟೆಲಿನಿಂದ ಸಮುದ್ರ ಕಾಣುತ್ತಿತ್ತು. ಇನ್ನೊಂದು ಕಡೆ ಹುಲ್ಲಿನ ಮಾದರಿಗಳನ್ನು ಇಟ್ಟ ಕಪಾಟುಗಳು ಒಂದು ಇಡೀ ಮಹಡಿ ತುಂಬಿದ್ದವು. ಅದನ್ನು ಕಂಡಾಗಲೇ ನನಗೆ ಇಲ್ಲಿಯೇ ಎನ್ನಿಸಿತ್ತು. ಮೇಡಂ ಹೇಳಿದ ಹಾಗೆ ಬಾಯಿ ಬಿಟ್ಟು ಕೇಳಿದೆ. ಯಾರೂ ತಪ್ಪು ತಿಳಿಯಲಿಲ್ಲ. ಈಗ ನನ್ನ ಗೈಡ್ ಆಗಿರುವ ಹೆಂಗಸು ಪ್ರತಿಯೊಂದಕ್ಕೂ ಉತ್ತರ ಹೇಳಿ, ಕೊನೆಗೆ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿ, ಅದರಲ್ಲಿ ಒಂದು ಹೊಡೆದು ಹಾಕಿದ್ದೀಯಲ್ಲ, ಅದೇನು ಎಂದರು. ಏನಿಲ್ಲ ಮೇಡಂ, ಎರಡು ಸಲ ಬರೆದಿದ್ದೆ ಎಂದೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ.

ಊರಿಗೆ ಮರಳಿದ್ದು ಭಾನುವಾರ. ಅಪ್ಪ ಮನೆಯಲ್ಲೇ ಇದ್ದರು. ಪ್ರಶ್ನೆಗಳಿಗೆ ಬಂದ ಉತ್ತರಗಳನ್ನೆಲ್ಲ ಓದಿಸಿಕೊಂಡರು. ಕಪಾಟುಗಳ ಮಹಡಿಯ ವಿಷಯ ಎರಡು ಸಲ ಹೇಳಿಸಿಕೊಂಡರು. ಊಟವಾದ ಮೇಲೆ ಅವ್ವ ನನ್ನನ್ನು ಅಡಿಗೆಮನೆಗೆ ಕರೆದು, ಪಾತ್ರೆಗಳಿಗೆ ಬೆನ್ನು ಮಾಡಿ ನಿಂತು ಹೇಳಿದಳು. ಹೊಟ್ಟೆಯೊಳಗೆ ಗಡ್ಡೆ. ಬಲಿತಿದೆ. ನಿನ್ನ ಓಡಾಟ ಮುಗಿಯಲಿ ಎಂದು ಇಬ್ಬರೂ ಮಾತಾಡಿಕೊಂಡು ಸುಮ್ಮನಿದ್ದೆವು.

ನಾನು ಹೊರಗೆ ಬಂದೆ. ಅಪ್ಪ ಅದೇ ಕೈಹಿಡಿಯ ಕುರ್ಚಿಯಲ್ಲಿ ಕೂತಿದ್ದರು. ನಾನು ಏನು ಅಂದೆನೋ ನೆನಪಿಲ್ಲ, ಏನಾದರೂ ಅಂದಿರಬೇಕು. ಅಪ್ಪ, “ನೀ ಕೇಳಿದ್ರ ಹೇಳ್ತಿದ್ನಿ” ಎಂದರು.

ಅವ್ವನನ್ನು ಕೇಳಿದರೆ, ಅಪ್ಪ ಹಾಗೆ ಅನ್ನಲೇ ಇಲ್ಲ. “ಛಲೋ ಆತು ನೀ ಕೇಳ್ಲಿಲ್ಲ, ಅಂದ್ರು. ನಾ ಅಲ್ಲೇ ಬಾಗಲಾಗ ನಿಂತಿದ್ನಿ. ನೀ ಇಲ್ಲದ್ದು ಹಚ್ಕೊಂಡು ನಿನ್ನ ಜೀವಾ ಯಾಕ ತಿನ್ಕೊಳ್ತಿ?” ಎನ್ನುತ್ತಾಳೆ. ಎರಡು ಮಾತುಗಳ ಅರ್ಥವೂ ಒಂದಕ್ಕೊಂದು ಬೆನ್ನು ಹಾಕಿ ನಿಲ್ಲುತ್ತದೆ. ಒಂದರಲ್ಲಿ ಅಪ್ಪ ಕಾದಿದ್ದರು, ಇನ್ನೊಂದರಲ್ಲಿ ಹೆದರಿದ್ದರು. ನಾನು ಕಿವಿಯಾರೆ ಕೇಳಿದ ಮಾತು ಯಾವುದು, ನನ್ನ ತಪ್ಪಿಗೆ ಹೊಂದುವಂತೆ ನಾನು ತಿದ್ದಿಕೊಂಡದ್ದು ಯಾವುದು, ಅಥವಾ ನನ್ನನ್ನು ಉಳಿಸಲು ಅವ್ವ ತಿದ್ದಿದಳೋ?

ಸೇರುವುದಿಲ್ಲ ಎಂದೆ. ಅಪ್ಪ ಕೇಳಲಿಲ್ಲ. ಮೂರು ತಿಂಗಳಿಗೆ ಆ ಕಪಾಟುಗಳ ಊರಿಗೆ ಹೋಗಿ ಸೇರಿದೆ. ಕೊನೆಗೆ ಅವ್ವನ ಫೋನು ಬಂದಾಗ ರಜೆಯ ಅರ್ಜಿ ಬರೆದುಕೊಂಡು ಗೈಡಿನ ಕೋಣೆಗೆ ಹೋದೆ. ಅವರು ಅದನ್ನು ಓದದೆ ಪಕ್ಕಕ್ಕಿಟ್ಟು, ಇದು ಇರಲಿ, ಮೊದಲು ಟಿಕೇಟು ತೆಗೆಸು, ಯಾವಾಗ ಬರುತ್ತೀಯೋ ಬಾ ಎಂದರು. ಹದಿನೇಳನೆಯ ಪ್ರಶ್ನೆಗೆ ಉತ್ತರ ಅಷ್ಟು ಸರಳವಿತ್ತು. ಅಪ್ಪನ ಜೊತೆ ಹತ್ತೊಂಬತ್ತು ದಿನ ಇದ್ದೆ.

ಈ ವಾರ ರಜೆಗೆ ಬಂದಿದ್ದೇನೆ. ಥೀಸಿಸ್‌ನ ಮೊದಲ ಅಧ್ಯಾಯ ಬರೆಯಲು ಹಳೆಯ ಟಿಪ್ಪಣಿ ಬೇಕಾಗಿ ಟ್ರಂಕು ತೆಗೆದಾಗ ಈ ಪುಸ್ತಕ ಸಿಕ್ಕಿತು. ಹೊಲಿಗೆ ಒಂದೂ ಸಡಿಲವಾಗಿಲ್ಲ. ಹದಿನೇಳನೆಯ ಪ್ರಶ್ನೆಯ ಹಾಳೆಗೆ ಬಂದೆ. ಮೇಲೆ ಬರೆದಿದ್ದೆ: ಗುರುವಾರ. ಬೆಳಿಗ್ಗೆ ಹತ್ತೂವರೆ. ಮಾಳಿಗೆ.

ಉಳಿದ ಹಾಳೆಗಳನ್ನೂ ಒಂದೊಂದಾಗಿ ತಿರುವಿ ನೋಡಿದೆ. ಪ್ರಶ್ನೆಗಳನ್ನು ಎರಡು ತಿಂಗಳು ಬರೆದಿದ್ದೇನೆ, ಬೇರೆ ಇಪ್ಪತ್ತೈದರಲ್ಲಿ ಮನೆಯ ಸುದ್ದಿಯೇ ಇಲ್ಲ. ಉಪಕರಣ, ಹೊಲದ ಓಡಾಟ, ಹಾಸ್ಟೆಲಿನ ನೀರು, ಯಾರ ಹೆಸರು ಲೇಖನದಲ್ಲಿ ಮೊದಲು ಬರುತ್ತದೆ, ಇಂಥವೇ. ಮೊದಲ ಗುರುವಾರದ ಹಾಳೆಯಲ್ಲಿಯೂ ಇಲ್ಲ. ಇದು ಅದರ ಮುಂದಿನದು, ಪ್ರಾಕ್ಟೀಸಿಗೆ ಕೂತದ್ದಕ್ಕೆ ಒಂದೆರಡು ದಿನ ಮೊದಲು ಬರೆದದ್ದು. ಎರಡನೆಯ ಗುರುವಾರ ಅಪ್ಪ ‘ಇಲ್ಲೇ, ಸಮೀಪ’ ಎಂದು ಹೋದರು. ನಾನು ಮಾಳಿಗೆ ಹತ್ತಿ, ಅವರು ಹುಬ್ಬಳ್ಳಿಯ ಬಾಗಿಲಲ್ಲಿ ನಿಂತದ್ದನ್ನು ನೋಡಿ, ಬಸ್ಸು ಹೋದ ಮೇಲೆ ಚಾಪೆಯ ಮೇಲೆ ಕೂತು, ಮನೆಯಲ್ಲಿ ಯಾರಿಗಾದರೂ ಆರಾಮ ತಪ್ಪಿದರೆ ಎಂದು ಬರೆದೆ. ಮೇಡಂ ಹೇಳಿಕೊಟ್ಟಿರಲಿಲ್ಲ. ‘ನಾನ ಬರದೇನಿ’ ಎಂದು ಅಪ್ಪನಿಗೆ ನಾನೇ ಹೇಳಿದ್ದೇನೆ. ಕನ್ನಡಕ ತೆಗೆದು ಅವರು ನೋಡಿದ್ದು ಪ್ರಶ್ನೆಯನ್ನಲ್ಲ, ನನ್ನನ್ನು.

ಫೈಲು ಸುಳ್ಳಿರಬಹುದು, ರೊಟ್ಟಿಯ ಸದ್ದು ಸುಳ್ಳು, ಹತ್ತಿಯ ಉಂಡೆ ಸುಳ್ಳಿರಬಹುದು. ಇದು ಶಾಯಿಯಲ್ಲಿದೆ. ಎಷ್ಟು ಗೊತ್ತಿತ್ತು ಎಂದು ಅಳೆಯಲಾರೆ. ಗಡ್ಡೆ ಎಂದು ಗೊತ್ತಿರಲಿಲ್ಲ, ಎಂಟು ತಿಂಗಳು ಎಂದು ಗೊತ್ತಿರಲಿಲ್ಲ. ಆದರೆ ಕೇಳುವಷ್ಟು ಗೊತ್ತಿತ್ತು. ಅಪರಿಚಿತ ಪ್ರೊಫೆಸರರನ್ನು ಕೇಳಲು ಬರೆದುಕೊಂಡೆ, ಹೊಸ್ತಿಲ ಮೇಲೆ ಇದ್ದವರನ್ನು ಕೇಳಲಿಲ್ಲ. ರಿವಾಜು ಅಡ್ಡ ಬಂತು ಎಂದು ಇಷ್ಟು ದಿನ ಹೇಳಿಕೊಂಡೆ. ನಂಬದ ರಿವಾಜು ಆ ದಿನ ನನಗೆ ಅನುಕೂಲವಾಗಿತ್ತು, ಅಷ್ಟೇ. ಕೇಳಿದ್ದರೆ ನಾನು ಹೊರಡುತ್ತಿರಲಿಲ್ಲ. ಹೊರಡುವ ಆಸೆ ನನಗೆ ಬಹಳ ಇತ್ತು.

ಇದನ್ನೆಲ್ಲ ಬರೆಯುತ್ತಿರುವುದು ಅಪ್ಪ ಹೆಚ್ಚಿಗೆ ಇರಲಿ ಎಂದು ಹೊಲಿದ ನಾಲ್ಕನೆಯ ಕಟ್ಟಿನ ಹಾಳೆಗಳಲ್ಲಿ.

ಇವತ್ತು ಬೆಳಿಗ್ಗೆ, ಇಷ್ಟು ಬರೆದು ಕೆಳಗೆ ಬಂದಾಗ ಅವ್ವ ಹೊರಟು ನಿಂತಿದ್ದಳು. ಕೈಯಲ್ಲಿ ಚೀಲ, ಒಂದು ಕಾಲಿಗೆ ಚಪ್ಪಲಿ.

“ಎಲ್ಲಿಗೆ ಬೇ, ಯವ್ವಾ?”

ಅವ್ವ ಇನ್ನೊಂದು ಕಾಲನ್ನು ಹಾಗೇ ಎತ್ತಿ ಹಿಡಿದು ನನ್ನನ್ನು ನೋಡಿದಳು. ಒಳಗೆ ಬಂದು ನೀರು ಕುಡಿಯುತ್ತಾಳೆ ಎಂದುಕೊಂಡೆ. ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡಳು.

“ದವಾಖಾನಿಗೆ ಅಲ್ಲ. ಕಾಯಿಪಲ್ಯಾ ತರಾಕ ಹೊಂಟೇನಿ” ಎಂದಳು. ಮೆಟ್ಟಿಲಿಳಿದು, ತಿರುಗಿ ನೋಡದೆ, “ಮೆಂತೇ ಪ್ಯಾಟ್ಯಾಗ ಸಿಕ್ರ ತರ್ತೇನಿ” ಎಂದು ಸೇರಿಸಿದಳು.

ನಾನು ನಂಬಿದೆ. ಆದರೂ ಮಾಳಿಗೆ ಹತ್ತಿ, ಅವ್ವ ಯಾವ ಬಾಗಿಲಲ್ಲಿ ನಿಲ್ಲುತ್ತಾಳೆ ಎಂದು ನೋಡಿದೆ. ನಿಲ್ದಾಣದ ಹತ್ತಿರಕ್ಕೂ ಹೋಗದೆ, ರಸ್ತೆಯ ಈ ಬದಿಯಲ್ಲೇ ತಳ್ಳುಗಾಡಿಯ ಮುಂದೆ ನಿಂತು ಬದನೆಕಾಯಿ ಆರಿಸುತ್ತಿದ್ದಳು.